ಟೈಲರ್ ಸಾಬರ ಅಳತೆ ಪುಸ್ತಕ ಮತ್ತು ನಮ್ಮನೆಯ ರಾಜ್ಯ

ನಮ್ಮ ಮನೆಯ ಜಗುಲಿಯ ಮೇಲೆ ಒಂದು ರಾಜ್ಯ ಹುಟ್ಟಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಹುಟ್ಟಿದ್ದಂತೂ ನಿಜ. ಅದಕ್ಕೆ ಚಹಾ ಕಾಸಿದವಳು ನಾನು, ಮಂಡಕ್ಕಿಗೆ ಒಗ್ಗರಣೆ ಹಾಕಿದವಳೂ ನಾನೇ. ತೊಂಬತ್ತರ ದಶಕದ ನಡುವಿನ ಮಾತು. ನಾನು ಶಿಕಾರಿಪುರದಿಂದ ಸೊರಬಕ್ಕೆ ಸೊಸೆಯಾಗಿ ಬಂದು ಆಗ ಎಂಟೊಂಬತ್ತು ವರ್ಷವಾಗಿತ್ತು. ಪೇಟೆ ಬೀದಿಯಲ್ಲಿ ಮನೆ, ಮುಂಭಾಗದಲ್ಲಿ ಎರಡು ಮಳಿಗೆ. ಒಂದರಲ್ಲಿ ನಮ್ಮ ಯಜಮಾನರ ಬೀಜ ಗೊಬ್ಬರದ ಅಂಗಡಿ, ಇನ್ನೊಂದರಲ್ಲಿ ನಮ್ಮ ಬಾಡಿಗೆದಾರರಾದ ಟೈಲರ್ ಸಾಬರು. ನಡುವಿನ ಗೋಡೆ ಎಷ್ಟು ತೆಳುವೆಂದರೆ ಆಚೆ ಅವರು ಮಷಿನ್ ತುಳಿದರೆ ಈಚೆ ನಮ್ಮ ತಕ್ಕಡಿ ನಡುಗುತ್ತಿತ್ತು.

ಯಜಮಾನರಿಗೆ ರಾಜ್ಯದ ಗೀಳು ಹತ್ತಿಸಿದವನು ನನ್ನ ಅಣ್ಣ. ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡವನು. ಒಂದು ಭಾನುವಾರ ಭಾವನನ್ನು ತಾಳಗುಂದಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಶಾಸನದ ಕಂಬ ತೋರಿಸಿದ. ಜೊತೆಗೆ ಒಬ್ಬ ಹೈಸ್ಕೂಲು ಮಾಸ್ತರರೂ ಇದ್ದರು. ಅವರು ಕಂಬಕ್ಕೆ ಬೆನ್ನು ಮಾಡಿ ನಿಂತು, ಒಂದು ಅಚ್ಚಾದ ಪುಸ್ತಕ ನೋಡಿಕೊಂಡು, ಕಂಬದಲ್ಲಿ ಏನಿದೆ ಎಂದು ಓದಿ ಹೇಳಿದರಂತೆ. ಒಂದು ಕಾಲಕ್ಕೆ ನಾವೇ ರಾಜರು, ಈಗ ಒಂದು ಬಸ್ಸಿಗೂ ಬೆಂಗಳೂರಿನ ಬಾಯಿ ನೋಡಬೇಕು ಎನ್ನುವುದು ಅವರ ಸಾರಾಂಶ. ಕಂಬದ ಶಾಸನ ಇರುವುದು ಸಂಸ್ಕೃತದಲ್ಲಿ ಎಂಬುದನ್ನಾಗಲಿ, ಬನವಾಸಿಯ ರಾಜ್ಯ ಕಟ್ಟಿದವನು ಓದುವುದಕ್ಕೆಂದು ಕಂಚಿಯವರೆಗೆ ಹೋಗಿ ಪರರ ಊರಿನಲ್ಲಿ ಇದ್ದು ಬಂದವನು ಎಂಬುದನ್ನಾಗಲಿ ಮಾಸ್ತರರು ಹೇಳಲಿಲ್ಲವೋ, ಹೇಳಿದ್ದು ಇವರ ಕಿವಿಗೆ ಬೀಳಲಿಲ್ಲವೋ ಗೊತ್ತಿಲ್ಲ. ಯಜಮಾನರು ಸಂಜೆ ಮನೆಗೆ ಬಂದಾಗ ಕೈಕಾಲು ತೊಳೆಯದೆ ಜಗುಲಿಯ ಮೇಲೆ ಕೂತು, ‘ನಮ್ಮದು ಬೇರೆ ರಾಜ್ಯ ಆಗ್ಬೇಕು’ ಎಂದರು. ಅತ್ತೆ ಒಳಗಿನಿಂದಲೇ, ‘ಮೊದ್ಲು ಬಚ್ಚಲ ಕಡೆ ಹೋಗಿ ಬಾ’ ಎಂದರು.

ಹೀಗೆ ಪಕ್ಷ ಹುಟ್ಟಿತು. ಸೊರಬಕ್ಕೆ ಯಜಮಾನರು ಅಧ್ಯಕ್ಷರು, ಶಿಕಾರಿಪುರಕ್ಕೆ ಅಣ್ಣ, ಎರಡಕ್ಕೂ ಮಾಸ್ತರರು ಕಾರ್ಯದರ್ಶಿ. ಹಳೆಯ ಬನವಾಸಿಯ ಸೀಮೆ ಪ್ರತ್ಯೇಕವಾಗಬೇಕು. ಅಲ್ಲಿನ ನೆಲ, ನೌಕರಿ, ಅಂಗಡಿ ಎಲ್ಲ ಇಲ್ಲೇ ಬೇರು ಬಿಟ್ಟವರಿಗೆ ಸೇರಬೇಕು. ಹೊರಗಿನವರು ಗಂಟುಮೂಟೆ ಕಟ್ಟಬೇಕು. ಯಜಮಾನರು ಮಾರುತ್ತಿದ್ದ ಜೋಳದ ಬೀಜ ಆಂಧ್ರದಿಂದ ಬರುತ್ತಿತ್ತು, ಗೊಬ್ಬರ ಮಂಗಳೂರಿನಿಂದ. ಊರಿನದು ಎಂದು ಹೇಳಿಕೊಳ್ಳಲು ಅಂಗಡಿಯಲ್ಲಿ ಇದ್ದದ್ದು ಅವರ ಸಿಟ್ಟು ಒಂದೇ.

ಮೊದಲು ಜನ ನಕ್ಕರು. ನಗುವುದಕ್ಕೆ ಬಂದವರೇ ಕೂತು ಚಹಾ ಕುಡಿದರು, ಚಹಾ ಕುಡಿದವರು ಸಭೆಗೆ ಬಂದರು. ಡಿಗ್ರಿ ಮುಗಿಸಿ ಬಸ್ ಸ್ಟ್ಯಾಂಡಿನ ಕಟ್ಟೆ ಸವೆಸುತ್ತಿದ್ದ ಹುಡುಗರು ಬಂದರು. ತಮ್ಮ ಎದುರಿಗೇ ಹೊಸ ಅಂಗಡಿ ಬಿತ್ತಲ್ಲ ಎಂದು ಹೊಟ್ಟೆ ಉರಿದುಕೊಂಡ ಕಿರಾಣಿಯವರು ಬಂದರು. ಹೊರಗಿನವರು ಅಂದರೆ ಯಾರು ಎನ್ನುವುದು ಮಾತ್ರ ಸಭೆಯಿಂದ ಸಭೆಗೆ ಬದಲಾಗುತ್ತಿತ್ತು. ಮೊದಲ ವರ್ಷ ಅದು ಬೆಂಗಳೂರಿನಿಂದ ವರ್ಗವಾಗಿ ಬಂದ ಅಧಿಕಾರಿಗಳು. ಅವರು ತಾವಾಗಿಯೇ ಮತ್ತೆ ವರ್ಗವಾಗಿ ಹೋಗಿಬಿಡುತ್ತಿದ್ದರಿಂದ ಅವರ ಮೇಲಿನ ಸಿಟ್ಟು ನಿಲ್ಲುತ್ತಿರಲಿಲ್ಲ. ಆಮೇಲೆ ಬಟ್ಟೆ ಅಂಗಡಿಯ ಮಾರವಾಡಿಗಳು. ಆಮೇಲೆ ಸಾಬರು. ಸಾಬರ ಹೆಸರು ಬಂದ ದಿನದಿಂದ ಸಭೆಗೆ ಜನ ಹೆಚ್ಚಾದರು, ನನಗೆ ಮಂಡಕ್ಕಿ ಸಾಲದೆ ಬಂತು. ಗೋಡೆಯಾಚೆಗಿನ ಮಷಿನ್ ಸದ್ದು ಆ ಹೊತ್ತಿಗೆ ನಿಲ್ಲುತ್ತಿತ್ತು. ಭಾಷಣ ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಸಾಬರು ಆಗ ಹೊಲಿಯುತ್ತಿದ್ದದ್ದು ಪಕ್ಷದ ಬಾವುಟವನ್ನೇ. ಬೇರೆ ಟೈಲರ್ ಹತ್ತಿರ ಹಾಕಿಸಿದರೆ ಹೊಲಿಗೆ ಬಿಡುತ್ತದೆ ಎಂದು ಯಜಮಾನರೇ ಅವರಿಗೆ ಕೊಟ್ಟಿದ್ದರು. ‘ಇವ್ರು ಹೊರಗಿನವರಲ್ವೇನ್ರೀ?’ ಎಂದು ನಾನು ಒಮ್ಮೆ ಕೇಳಿದೆ. ‘ನಮ್ಮ ಸಾಬ್ರ ಮಾತಲ್ಲ ಅದು, ಒಟ್ಟು ಸಾಬ್ರ ಮಾತು’ ಎಂದರು. ಆ ಒಟ್ಟು ಸಾಬರು ಎಲ್ಲಿದ್ದಾರೆ ಎಂದು ನಾನು ಕೇಳಲಿಲ್ಲ.

ಎರಡನೇ ವರ್ಷ ರಾಜಧಾನಿಯ ಪ್ರಶ್ನೆ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಹಾಗೆ. ತಾಳಗುಂದ ನಮ್ಮ ತಾಲ್ಲೂಕಿನಲ್ಲಿದೆ, ರಾಜಧಾನಿ ಶಿಕಾರಿಪುರವೇ ಎಂದು ಅಣ್ಣ. ಬನವಾಸಿಗೆ ಹತ್ತಿರ ನಾವು, ಸೊರಬವೇ ಎಂದು ಯಜಮಾನರು. ನಮ್ಮ ಜಗುಲಿಯ ಮೇಲೆಯೇ ಜಗಳವಾಯಿತು.

‘ನಿಮ್ಮೂರಾಗ ಒಂದು ನೆಟ್ಟಗಿನ ಲಾಡ್ಜ್ ಇಲ್ಲ. ಮಂತ್ರಿಗಳು ಬಂದ್ರ ಎಲ್ಲಿ ಮಲಗಬೇಕ್ರಿ?’ ಎಂದ ಅಣ್ಣ.

‘ನಿಮ್ಮೂರಿನೋರು ಬಾಯಿ ಬಿಟ್ರೆ ದಾವಣಗೆರೆ ಬಯಲಿನೋರ ಹಂಗೆ ಕಾಣ್ತದೆ. ನೀವೇ ಹೊರಗಿನೋರು ಹೌದೋ ಅಲ್ವೋ ಅಂತ ನಂಗೆ ಅನುಮಾನ’ ಎಂದರು ಯಜಮಾನರು.

ಅಣ್ಣ ಕುಡಿಯುತ್ತಿದ್ದ ಲೋಟವನ್ನು ಕೆಳಗಿಟ್ಟು ಎದ್ದು ಹೋದ. ಮರುವಾರದಿಂದ ಎರಡು ಪಕ್ಷ, ಎರಡು ಬಾವುಟ. ಮಾಸ್ತರರು ನಮ್ಮ ಕಡೆಗೇ ಉಳಿದರು. ಹೊಸ ಬಾವುಟವೂ ಸಾಬರ ಮಷಿನ್ನಿಗೇ ಬಂತು. ಶಾಸನದ ಕಂಬ ಅಣ್ಣನ ಪಾಲಿಗೆ ಹೋದದ್ದರಿಂದ ಯಜಮಾನರು ಜಡೆ ಕಡೆಯ ಒಂದು ಕೆರೆ ಏರಿಯ ಮೇಲಿದ್ದ ಅಕ್ಷರದ ಕಲ್ಲಿಗೆ ಹಾರ ಹಾಕಿ ಬಂದರು. ಹಾರ ಹಾಕುವ ಮೊದಲು ಅದಕ್ಕೆ ಕಟ್ಟಿದ್ದ ಎಮ್ಮೆ ಬಿಚ್ಚಿಸಬೇಕಾಯಿತಂತೆ. ಶಿರಾಳಕೊಪ್ಪದ ಆಚೆಗೆ ನಮ್ಮ ಗಡಿ ಎಂದು ಅಲ್ಲೇ ಭಾಷಣವೂ ಆಯಿತು. ಮನೆಗೆ ಬಂದಾಗ ಅತ್ತೆ, ‘ಹಂಗಾರೆ ಇವಳು ತವರಿಗೆ ಹೋಗಾಕೆ ಒಂದು ಪಾಸ್‌ಪೋರ್ಟ್ ಮಾಡಿಸಿ ಕೊಡು ಮಾರಾಯ’ ಎಂದರು. ಯಜಮಾನರು ನಗಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನನಗೆ ಹೇಳಿದರು, ‘ಸಭೆಗೆ ಬಂದೋರ ಎದ್ರು ನೀನು ಐತಿ, ಬರ್ತೈತಿ ಅನ್ಬೇಡ. ಚಾ ಕೊಟ್ಟು ಒಳಗೆ ಹೋಗು.’

ನನಗೆ ನಗು ಬರಬೇಕಿತ್ತು. ಬರಲಿಲ್ಲ, ಹೆದರಿಕೆ ಬಂತು. ಎರಡು ಮಕ್ಕಳ ತಾಯಿ, ಆ ಮನೆಯ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು, ಬಾಯಿ ತೆರೆಯುವ ಮುಂಚೆ ಮಾತು ತೂಗಿ ನೋಡಲು ಶುರುಮಾಡಿದೆ. ಯಾರಾದರೂ ‘ಶಿಕಾರಿಪುರದೋರು’ ಎಂದರೆ ಚಹಾದ ತಟ್ಟೆ ಅಲ್ಲೇ ಇಟ್ಟು ಒಳಗೆ ಹೋಗಿಬಿಡುತ್ತಿದ್ದೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪಟ್ಟಣ ಪಂಚಾಯಿತಿ ಚುನಾವಣೆ ಹತ್ತಿರ ಬಂದಾಗ ಮಾಸ್ತರರು ಒಂದು ತೊಡಕು ಎತ್ತಿದರು. ಇಲ್ಲಿ ಬೇರು ಬಿಟ್ಟವರು ಯಾರು, ಹೊರಗಿನವರು ಯಾರು ಎಂದು ಹೇಳುವುದಕ್ಕೆ ಆಧಾರ ಎಲ್ಲಿದೆ? ಪಹಣಿಯಲ್ಲಿ ಜಮೀನಿದ್ದವರ ಹೆಸರಷ್ಟೇ ಇರುತ್ತದೆ. ಪೇಟೆಯವರದು? ಆಗ ಯಜಮಾನರಿಗೆ ಹೊಳೆದದ್ದು ಗೋಡೆಯಾಚೆಗಿನ ಅಳತೆ ಪುಸ್ತಕಗಳು.

ಆ ಪುಸ್ತಕಗಳ ಬಗ್ಗೆ ಹೇಳಬೇಕು. ಸಾಬರ ಅಜ್ಜನ ಕಾಲದಿಂದ ಊರಿನವರ ಮೈಯಳತೆಯೆಲ್ಲ ಅವುಗಳಲ್ಲಿತ್ತು. ಒಮ್ಮೆ ಟೇಪು ಹಿಡಿದರೆ ಆಯಿತು, ಮುಂದಿನ ಹಬ್ಬಕ್ಕೆ ಬಟ್ಟೆ ಕಳಿಸಿದರೆ ಸಾಕು, ಮನುಷ್ಯ ಬರಬೇಕಿರಲಿಲ್ಲ. ಆದರೆ ನಮ್ಮ ಊರಿನಲ್ಲಿ ಒಂದೇ ಹೆಸರಿನವರು ಬೀದಿಗೆ ಹತ್ತು ಜನ. ಅಪ್ಪನ ಹೆಸರು ಸೇರಿಸಿದರೂ ಇಬ್ಬರು ಮೂವರು ಉಳಿಯುತ್ತಾರೆ. ಅದಕ್ಕೆ ಅವರ ಅಜ್ಜ ಒಂದು ಪದ್ಧತಿ ಮಾಡಿಟ್ಟಿದ್ದರು. ಪ್ರತಿ ಮನೆಗೂ ಅದು ಮೊದಲು ಯಾವ ಊರಿನಿಂದ ಬಂದದ್ದು ಎಂದು ಬರೆಯುವುದು, ಪಕ್ಕದಲ್ಲಿ ಮೈಯ ಗುರುತು. ‘ಹಾನಗಲ್ಲಿನವರು, ಎಡಭುಜ ಇಳುಕಲು.’ ‘ರಟ್ಟೀಹಳ್ಳಿಯವರು, ಹೊಟ್ಟೆ ಮುಂದು.’ ಮೂರು ತಲೆಮಾರಿನ ಊರು, ಅಂಗುಲಗಳ ಲೆಕ್ಕದಲ್ಲಿ ಅಲ್ಲಿತ್ತು.

ಪುಸ್ತಕ ತರುವ ಕೆಲಸ ನನಗೆ ಬಂತು. ನನ್ನ ಅಕ್ಷರ ಚೆಂದ, ಸಾಬರು ನನ್ನ ಮಾತು ತೆಗೆದುಹಾಕುವುದಿಲ್ಲ ಎಂದು. ಹೋಗಿ ಕೇಳಿದೆ. ‘ಊರಿನ ಹಳೇ ಮನೆತನಗಳ ಪಟ್ಟಿ ಮಾಡ್ತಾರಂತ್ರೀ ಸಾಬ್ರೆ. ನಿಮ್ಮ ಪುಸ್ತಕ ನೋಡಿ ಬರಕೋಬೇಕು.’ ಅದು ಸುಳ್ಳಲ್ಲ. ಯಜಮಾನರು ನನಗೆ ಹೇಳಿದ್ದೂ ಅಷ್ಟೆ. ಆದರೆ ಅದರ ಮುಂದಿನ ಅರ್ಧ ಏನಿರಬಹುದು ಎಂದು ತಿಳಿಯದಷ್ಟು ದಡ್ಡಿ ನಾನಾಗಿರಲಿಲ್ಲ.

ಸಾಬರಿಗೆ ಸಂತೋಷವಾಯಿತು. ಅಜ್ಜನ ಬರಹಕ್ಕೆ ಇಷ್ಟು ವರ್ಷದ ಮೇಲೆ ಒಂದು ಬೆಲೆ ಬಂತು ಎಂದುಕೊಂಡರು. ‘ಪುಸ್ತಕ ಒಯ್ಯಬೇಡ್ರೀ ಅಕ್ಕ. ಅಜ್ಜಂದು ಉರ್ದು, ಅಪ್ಪನ ಕನ್ನಡ ಅಕ್ಷರ ನಂಗೊಬ್ಬನಿಗೇ ತಿಳಿಯೋದು. ನಾನು ಓದ್ತೀನಿ, ನೀವು ಬರಕಳ್ರೀ’ ಎಂದರು. ಮೂರು ಮಧ್ಯಾಹ್ನ ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಬರೆದೆ. ಒಂದು ಸಾಲು ಓದುವರು, ನನ್ನ ಪೆನ್ನು ನಿಲ್ಲುವವರೆಗೆ ಕಾಯುವರು, ಮುಂದಿನದು ಓದುವರು. ಮೈಯ ಗುರುತು ಬಂದಾಗ ಮಾತ್ರ ‘ಇದು ಬ್ಯಾಡ’ ಎಂದು ಬಿಟ್ಟುಬಿಡುವರು.

ಊರಿನ ಮಾನ ಹೋಗುತ್ತಾ ಬಂತು. ಕಿರಾಣಿಯವರು ಹಾವೇರಿಯಿಂದ, ಗಿರಣಿಯವರು ಬ್ಯಾಡಗಿಯಿಂದ, ಪಕ್ಷದ ಖಜಾಂಚಿಯ ಮುತ್ತಜ್ಜ ಶಿರಸಿಯಿಂದ. ಗೊಬ್ಬರದ ಅಂಗಡಿಯವರು, ಅಂದರೆ ನಮ್ಮ ಮನೆಯವರು, ಹಿರೇಕೆರೂರಿನಿಂದ. ಸಾಬರು ಅದನ್ನು ಓದಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ಬರೆದೆ. ಪುಸ್ತಕ ಬಿಡುಗಡೆಯಾದರೆ ಸೊರಬದಲ್ಲಿ ಸೊರಬದವರು ಎಂದು ಉಳಿಯುವುದು ಕೆರೆ ಮತ್ತು ಅದರ ಮೀನು ಎನ್ನಿಸಿ ಒಳಗೊಳಗೇ ಖುಷಿಯೂ ಆಯಿತು.

ಮೂರನೇ ದಿನ ಈಚಿನ ಪುಸ್ತಕಕ್ಕೆ ಬಂದೆವು. ಹೊರಗಿನಿಂದ ಬಂದ ಸೊಸೆಯರನ್ನೂ ಅದರಲ್ಲಿ ಬೇರೆಯಾಗಿ ಬರೆದಿದ್ದರು, ರವಿಕೆಯ ಅಳತೆಗೆ. ‘ಗೊಬ್ಬರದಂಗಡಿ ಸೊಸೆ, ಶಿಕಾರಿಪುರ’ ಎಂದು ಓದಿದರು. ನನ್ನ ಪೆನ್ನು ಓಡಲಿಲ್ಲ. ಅವರು ಎಂದಿನಂತೆ ಕಾದರು. ಪೆನ್ನು ಹಾಳೆಯ ಮೇಲೆ ಇಟ್ಟಲ್ಲೇ ಇತ್ತು. ಕೊನೆಗೆ ಅವರು ಮುಂದಿನ ಸಾಲು ಓದಿದರು. ‘ನಮ್ಮನೆ, ಸವಣೂರು.’ ಅದನ್ನು ನಾನು ಬರೆದೆ.

ಪಟ್ಟಿ ನೋಡಿದ ಯಜಮಾನರ ಮುಖ ಹರಳೆಣ್ಣೆ ಕುಡಿದಂತಾಯಿತು. ಇನ್ನು ಇವರ ರಾಜ್ಯ ಮುಗಿಯಿತು ಎಂದು ನಾನು ಅಡುಗೆಮನೆಯಲ್ಲಿ ನಿಂತು ಕಾದೆ. ಎಷ್ಟು ಕಡಿಮೆ ತಿಳಿದಿತ್ತು ನನಗೆ. ಮಾಸ್ತರರು ಅರ್ಧ ಗಂಟೆಯಲ್ಲಿ ನಿಯಮ ತಿದ್ದಿದರು. ಭೂಮಿಯ ಮೇಲಿನ ಭಕ್ತಿಯಿಂದ ಬಂದವರು ಮೂಲದವರೇ. ಲಾಭಕ್ಕೆ ಬಂದವರು ಹೊರಗಿನವರು. ಯಾರು ಭಕ್ತಿಯಿಂದ ಬಂದರು, ಯಾರು ಲಾಭಕ್ಕೆ ಬಂದರು ಎಂಬುದನ್ನು ಸಮಿತಿ ತೀರ್ಮಾನಿಸುವುದು. ಸಮಿತಿಯವರ ಅಜ್ಜಂದಿರೆಲ್ಲ ಭಕ್ತಿಯಿಂದಲೇ ಬಂದಿದ್ದರು ಎಂದು ಅವತ್ತು ಸಂಜೆಯೊಳಗೆ ತೀರ್ಮಾನವಾಯಿತು. ಕೆಂಪು ಪೆನ್ಸಿಲಿನಲ್ಲಿ ಅವರ ಹೆಸರುಗಳನ್ನು ಹೊಡೆದುಹಾಕಿದರು. ಉಳಿದವರ ಪಟ್ಟಿ ‘ಹೊರಗಿನವರು’ ಎಂಬ ತಲೆಬರಹದ ಕರಪತ್ರವಾಗಿ ಅಚ್ಚಾಗಿ ಸಂತೆಯ ದಿನ ಊರೆಲ್ಲ ಹಂಚಿಹೋಯಿತು. ಇತಿಹಾಸ ಎಂದಮೇಲೆ ಆಧಾರ ಕೊಡಬೇಕು ಎಂಬುದು ಮಾಸ್ತರರ ಶಿಸ್ತು. ಅದಕ್ಕೆ ಕೆಳಗೆ ದಪ್ಪಕ್ಷರದಲ್ಲಿ ಹಾಕಿಸಿದ್ದರು: ಪೇಟೆ ಬೀದಿಯ ಟೈಲರ್ ಅಂಗಡಿಯ ದಾಖಲೆಗಳ ಪ್ರಕಾರ.

ಜನ ಸಿಟ್ಟಾದದ್ದು ಪಕ್ಷದ ಮೇಲಲ್ಲ. ಪಕ್ಷದ ಮೇಲೆ ಸಿಟ್ಟಾಗಲು ಧೈರ್ಯ ಬೇಕು, ಟೈಲರ್ ಮೇಲೆ ಸಿಟ್ಟಾಗಲು ಬರೀ ಬಾಯಿ ಸಾಕು. ‘ಹೊಲಿಯಾಕೆ ಕೊಟ್ರೆ ಜಾತಕ ಬರೀತೀರೇನ್ರೀ’ ಎಂದು ಬಂದು ಅರ್ಧ ಹೊಲಿದ ಬಟ್ಟೆ ವಾಪಸು ಒಯ್ದರು. ಮೂರು ತಲೆಮಾರು ಅಲ್ಲೇ ಹೊಲಿಸಿದ ಮನೆಗಳು ಬಸ್ ಸ್ಟ್ಯಾಂಡ್ ಹತ್ತಿರದ ರೆಡಿಮೇಡ್ ಅಂಗಡಿಗೆ ಹೋದವು. ಉಳವಿ ಕಡೆಯ ಹಳ್ಳಿಗಳಿಂದ ಮದುವೆ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದವರೂ ಬರಲಿಲ್ಲ. ಯಾರೂ ಅವರಿಗೆ ಊರು ಬಿಡು ಎಂದು ಹೇಳಲಿಲ್ಲ, ಒಂದು ಕಲ್ಲು ಬೀಳಲಿಲ್ಲ. ಗೋಡೆಯ ಈಚೆ ನಮ್ಮ ತಕ್ಕಡಿ ನಡುಗುವುದು ನಿಂತಿತು, ಅಷ್ಟೆ.

ಚುನಾವಣೆಯಲ್ಲಿ ಪಕ್ಷಕ್ಕೆ ಮೂರು ಸ್ಥಾನ ಬಂದವು. ಯಾರಿಗೂ ಬಹುಮತ ಇಲ್ಲದ್ದರಿಂದ ಆ ಮೂರಕ್ಕೆ ಮೂವತ್ತರ ಬೆಲೆ ಬಂತು. ಯಜಮಾನರು ಉಪಾಧ್ಯಕ್ಷರಾದರು. ಮೆರವಣಿಗೆ ನಮ್ಮ ಮನೆಯ ಮುಂದೆ ನಿಂತಾಗ ನಾನು ಆರತಿ ಎತ್ತಿದೆ. ಯಾರೋ ‘ತಾಯೀ, ನೀವೇ ಈ ನೆಲದ ಮಗಳು’ ಎಂದು ಕಾಲಿಗೆ ಬಿದ್ದರು. ಪಕ್ಕದ ಮಳಿಗೆಯ ಬಾಗಿಲು ಅರ್ಧ ಎಳೆದಿತ್ತು.

ಸುಮ್ಮನಿರಲಾರದೆ ಅಣ್ಣನಿಗೆ ಕಾಗದ ಬರೆದೆ. ಶಿಕಾರಿಪುರದಲ್ಲಿ ಅವನ ಗಿರಣಿಯ ಮುಂದೆ ಒಂದು ಮಳಿಗೆ ಖಾಲಿ ಇತ್ತು. ಸಾಬರಿಗೆ ಅದನ್ನು ಕೊಡು, ಒಳ್ಳೆಯ ಕೈ, ನಿನಗೂ ಒಳ್ಳೆಯದಾಗುತ್ತದೆ ಎಂದು. ಅವನು ಉತ್ತರ ಬರೆಯಲಿಲ್ಲ, ಒಂದು ದಿನ ಫೋನ್ ಮಾಡಿದ. ‘ನಿನ್ನ ಗಂಡ ನಮ್ಮನ್ನ ಹೊರಗಿನವ್ರು ಅಂದಾನ. ಈಗ ಸೊರಬದವ್ರನ್ನ ತಂದು ನಮ್ಮೂರಾಗ ಕುಂದರಸ್ಲಿ ಅಂತೀಯೇನು? ನಮ್ಮ ಪಕ್ಷದವ್ರಿಗೆ ನಾ ಏನ್ ಹೇಳ್ಲಿ?’

ಸೊರಬದಲ್ಲಿ ಸವಣೂರಿನವರು ಎಂದು ಬೇಡವಾದವರು ಶಿಕಾರಿಪುರದಲ್ಲಿ ಸೊರಬದವರು ಎಂದು ಬೇಡವಾದರು. ಎರಡೂ ಕಡೆ ಬಾಗಿಲು ಹಾಕಿದವರು ನನ್ನ ಮನೆಯವರೇ. ನಾನು ಯಾವ ಕಡೆಯವಳಾದರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ದೀಪಾವಳಿಗೆ ಇನ್ನೂ ಹದಿನೈದು ದಿನವಿತ್ತು. ಟೈಲರುಗಳಿಗೆ ಉಸಿರಾಡಲು ಬಿಡುವಿಲ್ಲದ ಕಾಲ. ಬೆಳಿಗ್ಗೆ ಸಾಬರು ಮಳಿಗೆಯ ಬೀಗದ ಕೈ ಕೊಡಲು ಬಂದರು. ಯಜಮಾನರು ಪಂಚಾಯಿತಿಯ ಮೀಟಿಂಗಿಗೆ ಹೋಗಿದ್ದರು, ಅತ್ತೆ ಸ್ನಾನಕ್ಕೆ. ಜಗುಲಿಯ ಕೆಳಗೆ ಮಷಿನ್ ಗೋಣಿಚೀಲದಲ್ಲಿ ಸುತ್ತಿ ಕೈಗಾಡಿಯ ಮೇಲಿತ್ತು. ಎಲ್ಲಿಗೆ ಎಂದು ಕೇಳಿದೆ.

‘ಸವಣೂರಿಗೆ’ ಎಂದರು.

‘ಅಲ್ಲಿ ಯಾರಿದಾರೆ ನಿಮ್ಮೋರು?’

‘ಯಾರೂ ಇಲ್ರೀ. ನಾನು ಆ ಊರು ನೋಡೇ ಇಲ್ಲ. ಪುಸ್ತಕದಾಗೆ ಹಂಗೆ ಬರದೈತಲ್ಲ, ಅದಕ್ಕೆ.’

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇಷ್ಟು ತಿಂಗಳು ನುಂಗಿಕೊಂಡಿದ್ದ ಮಾತು ಆಗ ಬಾಯಿಗೆ ಬಂತು. ‘ಸಾಬ್ರೆ, ಅವತ್ತು ನಾನು ಒಂದು ಸಾಲು ಬರೀಲಿಲ್ಲ. ನಿಮಗೆ ಗೊತ್ತಿತ್ತು. ಜನ ಬಂದು ಬಾಯಿಗೆ ಬಂದಂಗೆ ಬೈವಾಗ ನೀವು ಅದೊಂದು ಹೇಳಿದ್ರೆ ಸಾಕಿತ್ತು. ಅಧ್ಯಕ್ಷರ ಹೆಂಡ್ತೀನೇ ತನ್ನ ಹೆಸ್ರು ಮುಚ್ಚಿಟ್ಟಾಳ, ಪಟ್ಟೀನೇ ಸುಳ್ಳು ಅಂತ. ಯಾಕ ಹೇಳ್ಲಿಲ್ರೀ?’

ಎಷ್ಟೋ ತಿಂಗಳ ಮೇಲೆ ನಾನು ನನ್ನ ತವರಿನ ಮಾತನ್ನು ಜೋರಾಗಿ ಆಡಿದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು.

ಸಾಬರು ಬೀಗದ ಕೈಯನ್ನು ಜಗುಲಿಯ ಅಂಚಿಗೆ ಇಟ್ಟರು. ‘ಅಳತೆ ತಗಂಡವರ ಸುದ್ದಿ ಅಂಗಡಿ ಹೊರಗೆ ಆಡಬಾರ್ದು ಅಂತ ನಮ್ಮಪ್ಪ ಹೇಳಿದ್ದ ಅಕ್ಕ. ಯಾರ ಹೊಟ್ಟೆ ಎಷ್ಟು, ಯಾರ ಬೆನ್ನು ಎಷ್ಟು ಗೂನು, ಎಲ್ಲ ನಮಗೆ ಗೊತ್ತಿರ್ತದೆ. ಒಂದ್ಸಲ ಓದಿ ತಪ್ಪು ಮಾಡಿದ್ದೆ. ಎರಡನೇ ಸಲ ಯಾಕೆ ಮಾಡ್ಲಿ?’

ಕ್ಷಮಿಸಿ ಎನ್ನಬೇಕಿತ್ತು. ‘ಒಂದೀಟು ಚಾ ಕುಡ್ಕೊಂಡು ಹೋಗ್ರೀ’ ಎಂದೆ. ಪಕ್ಷದವರಿಗೆ ಕಾಸಿದ ಚಹಾ ಒಲೆಯ ಮೇಲೆ ಬಿಸಿಯಾಗಿಯೇ ಇತ್ತು.

‘ಬಸ್ಸಿಗೆ ಹೊತ್ತಾತು’ ಎಂದು ಅವರು ಕೈಗಾಡಿ ಹಿಡಿದರು.